ಚಿಮಣಿ ಇಲ್ಲದ ದೂಳು

(ಉಪನ್ಯಾಸದ ಪಠ್ಯ)

ರಾಯಚೂರು ಕೋಟೆಯನ್ನು ಕಂಡವರೆಲ್ಲ ಅದರ ಪಶ್ಚಿಮದ ಗೋಡೆಯಲ್ಲಿ ಕೂರಿಸಿರುವ ಭಾರೀ ಬಂಡೆಯನ್ನೂ ಕಂಡಿರುತ್ತೀರಿ. ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲು ಅದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ಸಂಗತಿಯನ್ನು ಹೇಳುವ ಶಾಸನ ಅದರ ಮೇಲಿದೆ. ಶಾಸನಕ್ಕಿಂತ ಹೆಚ್ಚಾಗಿ ಕಣ್ಣು ಸೆಳೆಯುವುದು ಅದೇ ಗೋಡೆಯ ಮೇಲೆ ಕೊರೆದಿರುವ ಚಿತ್ರ. ಉದ್ದನೆಯ ಬಂಡಿಯ ಮೇಲೆ ಆ ಬಂಡೆ. ಮುಂದೆ ಜೋಡಿ ಜೋಡಿಯಾಗಿ ಹೂಡಿದ ಕೋಣಗಳ ಸಾಲು. ಗಾಲಿಗಳಿಗೆ ಸನ್ನೆಕೋಲು ಕೊಟ್ಟು ನೂಕುತ್ತಿರುವ ಆಳುಗಳು. ಏಳು ಶತಮಾನಗಳ ಹಿಂದೆ ಕಟ್ಟಡದ ಸಾಮಗ್ರಿ ಹೇಗೆ ಸಾಗಿತು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷಿ ಅಪರೂಪ.

ಚಿತ್ರದಲ್ಲಿ ಎಲ್ಲವೂ ಇದೆ, ದೂಳೊಂದನ್ನು ಬಿಟ್ಟು. ಅಷ್ಟು ಗೊರಸುಗಳು, ಅಷ್ಟು ಭಾರದ ಗಾಲಿಗಳು ಈ ಸೀಮೆಯ ಮಣ್ಣಿನ ದಾರಿಯನ್ನು ತುಳಿದಾಗ ದೂಳು ಏಳದೇ ಇದ್ದೀತೆ? ಆದರೆ ಕಲ್ಲಿನಲ್ಲಿ ದೂಳನ್ನು ಕೊರೆಯಲಾಗದು. ಕಾನೂನಿಗೂ ಬಹುಕಾಲ ಇದೇ ಕಷ್ಟವಿತ್ತು. ಕಾರ್ಖಾನೆ ಅದಕ್ಕೆ ಕಾಣುತ್ತಿತ್ತು, ಚಿಮಣಿ ಕಾಣುತ್ತಿತ್ತು. ಬಯಲಲ್ಲಿ ಸುರಿದ ರಾಶಿಯಿಂದ, ಓಡುವ ಲಾರಿಯ ಹಿಂದಿನಿಂದ, ಕಟ್ಟುತ್ತಿರುವ ಮನೆಯ ಮುಂದಿನಿಂದ ಏಳುವ ದೂಳು ಕಾಣುತ್ತಿರಲಿಲ್ಲ. ಅದು ಹೇಗೆ ಕಾಣತೊಡಗಿತು, ಇನ್ನೂ ಎಲ್ಲಿ ಕಾಣುತ್ತಿಲ್ಲ ಎಂಬುದೇ ಇಂದಿನ ವಿಷಯ.

ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ, ಮಾನ್ವಿ ಇನ್ನೇನು ಬಂತು ಎನ್ನುವಾಗ, ನೀರಮಾನ್ವಿ ಸಿಗುತ್ತದೆ. ಯಲ್ಲಮ್ಮನ ಗುಡಿಯಿಂದ ಹೆಸರಾದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಭಾಗಕ್ಕೆ ಬಂದ ಮೇಲೆ ಜೋಳದ ಹೊಲಗಳಲ್ಲಿ ಭತ್ತ ಬಂತು. ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ಗಿರಣಿಗಳ ಹಿಂದೆ ಲಾರಿಗಳು. ಸುಗ್ಗಿಯಲ್ಲಿ ಭತ್ತ, ಹತ್ತಿ. ವರ್ಷವಿಡೀ ಜಲ್ಲಿ, ಮರಳು, ಸಿಮೆಂಟು, ಇಟ್ಟಿಗೆ. ದೇವದುರ್ಗದ ಕಡೆ ಕೃಷ್ಣಾ ತೀರದಿಂದ ಹೊರಡುವ ಮರಳಿನ ಟಿಪ್ಪರ್‌ಗಳು ಹಳ್ಳಿಯ ರಸ್ತೆಗಳನ್ನು ಏನು ಮಾಡಿವೆ ಎಂಬುದನ್ನು ಆ ಭಾಗದವರಿಗೆ ಹೇಳಬೇಕಾಗಿಲ್ಲ. ತುಂಬುವಾಗ ಒದ್ದೆಯಾಗಿದ್ದ ಮರಳು ದಾರಿಯಲ್ಲಿ ಒಣಗುತ್ತದೆ, ಉದುರುತ್ತದೆ. ಹಿಂದೆ ಬರುವ ಗಾಲಿ ಅದನ್ನು ಅರೆಯುತ್ತದೆ. ಅದರ ಹಿಂದಿನ ಗಾಲಿ ಎಬ್ಬಿಸುತ್ತದೆ.

ಈ ಎಬ್ಬಿಸುವ ಕ್ರಿಯೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಕಾನೂನಿನ ಅರ್ಧ ಭಾಗ ಅದರಲ್ಲೇ ಅಡಗಿದೆ.

ದೂಳು ಎಂಬ ಒಂದೇ ಪದದಲ್ಲಿ ಬಹಳ ಬಗೆಯ ಕಣಗಳನ್ನು ಸೇರಿಸುತ್ತೇವೆ. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ನೂರು ಮೈಕ್ರಾನಿನ ಕಣ ಎದ್ದ ಕೂಡಲೇ ನೆಲಕ್ಕೆ ಬೀಳುತ್ತದೆ. ಹತ್ತಿರದ ಬೇವಿನ ಎಲೆಯ ಮೇಲೆ, ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತದೆ. ಹತ್ತು ಮೈಕ್ರಾನಿನ ಕಣ ಗಾಳಿ ನಿಂತಿದ್ದರೂ ಆಳೆತ್ತರದಿಂದ ಇಳಿಯಲು ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಎರಡೂವರೆ ಮೈಕ್ರಾನಿನ ಕಣಕ್ಕೆ ಗಂಟೆಯೇ ಬೇಕಾದೀತು. ಗಾಳಿ ನಿಲ್ಲುವುದೂ ಅಪರೂಪ. ಹಾಗಾಗಿ ಅದು ಇಳಿಯುವ ಮೊದಲೇ ಊರು ದಾಟಿರುತ್ತದೆ. ಕಣ್ಣಿಗೆ ಬಿದ್ದು ನಮ್ಮನ್ನು ಸಿಟ್ಟಿಗೆಬ್ಬಿಸುವ ದೂಳು ಮೂಗಿನಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ತಳ ಮುಟ್ಟುವುದು ಕಣ್ಣಿಗೆ ಕಾಣದ್ದು.

ಬರೀ ಗಾಳಿಯಿಂದ ಏಳುವ ದೂಳು ನಾವು ತಿಳಿದಷ್ಟಿಲ್ಲ. ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಾಳಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಅವನ್ನು ಬಿಡಿಸಿ ಕೊಡುವುದು ಗಾಲಿ, ಸಲಿಕೆ, ಸುರಿಯುವ ಬುಟ್ಟಿ, ಅರೆಯುವ ಯಂತ್ರ. ಕಚ್ಚಾ ರಸ್ತೆಯಲ್ಲಿ ಏಳುವ ದೂಳನ್ನು ಮುಖ್ಯವಾಗಿ ನಿರ್ಧರಿಸುವುದು ಮಣ್ಣಿನಲ್ಲಿರುವ ನುಣುಪು ಪುಡಿಯ ಪ್ರಮಾಣ, ಅದರ ತೇವ, ವಾಹನದ ತೂಕ ಮತ್ತು ವೇಗ. ವೇಗವನ್ನು ಅರ್ಧಕ್ಕೆ ಇಳಿಸಿದರೆ ದೂಳೂ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯ ಯಂತ್ರವೂ ಬೇಡ. ಊರ ಮುಂದೆ ರಸ್ತೆಗೆ ಉಬ್ಬು ಹಾಕಿರೆಂದು ಹಳ್ಳಿಯವರು ಜಗಳವಾಡುವುದು ಅಪಘಾತದ ಭಯದಿಂದ. ಅದರಿಂದ ಶ್ವಾಸಕ್ಕೂ ಉಪಕಾರವಾಗುತ್ತದೆಂಬುದು ಅವರಿಗೂ ಹೊಳೆದಿರಲಾರದು.

ಹಾಗೆಂದು ಈ ಸೀಮೆಗೆ ದೂಳಿನ ವಿದ್ಯೆ ಹೊಸದಲ್ಲ. ಬೆಳಗ್ಗೆ ಎದ್ದು ಅಂಗಳಕ್ಕೆ ಸಗಣಿ ನೀರಿನ ಥಳಿ ಹೊಡೆಯುವುದು ಇಲ್ಲಿಯ ಮನೆಗಳ ಮೊದಲ ಕೆಲಸ. ಅದನ್ನು ಮಂಗಳದ ಕೆಲಸ ಎಂದೇ ಭಾವಿಸಲಾಗಿದೆ. ಆದರೆ ತೇವದಿಂದ ಮಣ್ಣಿನ ಕಣಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ, ಸಗಣಿಯ ನಾರು ಒಣಗಿದ ಮೇಲೂ ಆ ಹಿಡಿತವನ್ನು ಉಳಿಸುತ್ತದೆ. ಒಕ್ಕುವ ಕಣವನ್ನು ಮಾಡುವ ಕ್ರಮವನ್ನು ನೆನೆಸಿಕೊಳ್ಳಿ. ಮನೆಗಳಿಂದ ದೂರ, ಗಾಳಿ ಸಿಗುವ ಬಯಲಿನಲ್ಲಿ ಜಾಗ ಹುಡುಕುತ್ತಿದ್ದರು. ನೆಲಕ್ಕೆ ನೀರು ಹೊಯ್ದು, ತುಳಿದು, ಬಡಿದು, ಸಗಣಿ ಸಾರಿಸಿ ಗಟ್ಟಿ ಮಾಡುತ್ತಿದ್ದರು. ರಾಶಿ ತೂರುವವನು ಗಾಳಿಯ ದಿಕ್ಕು ನೋಡಿಯೇ ನಿಲ್ಲುತ್ತಿದ್ದ. ಹೊಟ್ಟು ಬೀಳುವ ಕಡೆ ಮಕ್ಕಳನ್ನು ನಿಲ್ಲಗೊಡುತ್ತಿರಲಿಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಅವಕಾಶವಾದಕ್ಕೆ ಬಳಸಿ ಬಳಸಿ ಅದರ ಮೂಲದ ಕಣವನ್ನೇ ಮರೆತಿದ್ದೇವೆ. ಜಾಗ ಆರಿಸುವುದು, ನೆಲ ಗಟ್ಟಿ ಮಾಡುವುದು, ತೇವ ಇಡುವುದು, ಗಾಳಿ ನೋಡುವುದು, ರಾಶಿ ಮುಚ್ಚುವುದು: ದೂಳು ನಿಯಂತ್ರಣದ ಇಂದಿನ ಸರ್ಕಾರಿ ಅಧಿಸೂಚನೆಗಳಲ್ಲಿ ಇದಕ್ಕಿಂತ ಬೇರೆಯದು ಹೆಚ್ಚೇನಿಲ್ಲ. ವ್ಯತ್ಯಾಸ ಇಷ್ಟೇ. ಕಣದ ದೂಳು ಕಣದ ಯಜಮಾನನ ಮನೆಗೇ ಬರುತ್ತಿತ್ತು. ಲಾರಿಯ ದೂಳು ಲಾರಿಯ ಮಾಲೀಕನ ಮನೆಗೆ ಹೋಗುವುದಿಲ್ಲ.

ದೂಳಿನಿಂದ ಕಾಯಿಲೆ ಬರುತ್ತದೆಂದು ಗುರುತಿಸಿದ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಒಂದು ಸ್ಥಾನವಿದೆ. ಹೆಮ್ಮೆಪಡುವಂಥ ಸ್ಥಾನವೇನೂ ಅಲ್ಲ. ಇಟಲಿಯ ವೈದ್ಯ ರಾಮಾಜ್ಜೀನಿ 1700ರಲ್ಲೇ ಕಲ್ಲುಕುಟಿಗರ ಉಬ್ಬಸದ ಬಗ್ಗೆ ಬರೆದಿದ್ದ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1934ರಲ್ಲಿ. ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ ಸೂಕ್ಷ್ಮ ಪುಡಿ ಶ್ವಾಸಕೋಶದ ಗಾಳಿಗೂಡುಗಳನ್ನು ಸೇರುತ್ತದೆ. ಅದನ್ನು ನುಂಗಲು ಬಂದ ರಕ್ಷಕ ಕೋಶಗಳು ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಕೆಲಸ ಬಿಟ್ಟರೂ ಕಾಯಿಲೆ ಮುಂದುವರಿಯಬಹುದು. ಕ್ಷಯಕ್ಕೆ ಅದು ಬಾಗಿಲು ತೆರೆದಿಡುತ್ತದೆ. ವಾಸಿ ಮಾಡುವ ಔಷಧ ಇಂದಿಗೂ ಇಲ್ಲ. ಕೋಲಾರದಲ್ಲಿ 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂತು. ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ಪರಿಹಾರಕ್ಕಾಗಿ ನಿಯಮಗಳನ್ನು ಮಾಡಿತ್ತು.

ಗಣಿಯೊಳಗಿನ ಪರಿಹಾರ ಸರಳವಾಗಿತ್ತು: ಬಂಡೆ ಕೊರೆಯುವ ಡ್ರಿಲ್ಲಿನ ಮೂಲಕವೇ ನೀರು ಹಾಯಿಸುವುದು. ಪುಡಿ ಹುಟ್ಟಿದ ಜಾಗದಲ್ಲೇ ಕೆಸರಾಗುತ್ತದೆ, ಗಾಳಿಗೆ ಸೇರುವುದೇ ಇಲ್ಲ. 1961ರ ಲೋಹ ಗಣಿ ನಿಯಮಾವಳಿಯಲ್ಲಿ ಅದು ಕಡ್ಡಾಯವಾಗಿ ಸೇರಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಇದೇ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಗಾರಿಕೆ ನಡೆದಿದೆ. ಗಣಿ ಕಾನೂನು ಅಲ್ಲಿಯ ಕಾರ್ಮಿಕನ ಜೊತೆ ನೆಲದಡಿಗೂ ಇಳಿಯುತ್ತದೆ. ಆದರೆ ನೆಲದ ಮೇಲೆ, ರಸ್ತೆ ಬದಿಯಲ್ಲಿ, ಅದೇ ಬಗೆಯ ಕಲ್ಲನ್ನು ಒಣಗಿದ್ದಾಗಲೇ ಕತ್ತರಿಸುವವನ ಜೊತೆ ಯಾವ ನಿಯಮಾವಳಿಯೂ ನಿಂತಿರುವುದಿಲ್ಲ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ನಾಲ್ಕನೇ ಒಂದು ಭಾಗದಷ್ಟಾದರೂ ಸ್ಫಟಿಕಶಿಲೆ, ಅಂದರೆ ಶುದ್ಧ ಸಿಲಿಕಾ, ಇರುತ್ತದೆ. ಮನೆ ಕಟ್ಟುವಾಗ ನೆಲಹಾಸಿನ ಕಲ್ಲನ್ನು ಯಂತ್ರದ ಗರಗಸಕ್ಕೆ ಕೊಟ್ಟಾಗ ಬಿಳಿ ಮೋಡ ಏಳುತ್ತದಲ್ಲ, ಅದು ಇದೇ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಗರಗಸದ ಹಲ್ಲಿಗೆ ನೀರು ಬಿಡುವ ಮೇಸ್ತ್ರಿ ತನ್ನ ಆಯುಷ್ಯವನ್ನು ತಾನೇ ಉಳಿಸಿಕೊಳ್ಳುತ್ತಾನೆ.

ಇನ್ನು ಕಾನೂನು. ವಾಯು ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆ ಬಂದದ್ದು 1981ರಲ್ಲಿ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮಾವೇಶದ ನಿರ್ಣಯಗಳನ್ನು ಜಾರಿಗೊಳಿಸುವುದು ಅದರ ಘೋಷಿತ ಉದ್ದೇಶ. ಕಾಯ್ದೆಯ ಪರಿಭಾಷೆಯಲ್ಲಿ ಚಿಮಣಿ ಎಂಬ ಪದಕ್ಕೇ ಪ್ರತ್ಯೇಕ ವ್ಯಾಖ್ಯೆಯಿದೆ. ಇದು ಸಹಜ. ಆ ಕಾಲದ ಕಲ್ಪನೆಯಲ್ಲಿ ಮಾಲಿನ್ಯವೆಂದರೆ ಕಾರ್ಖಾನೆ, ಕಾರ್ಖಾನೆಯೆಂದರೆ ಹೊಗೆ ಉಗುಳುವ ಕೊಳವೆ. ಕೊಳವೆಗೆ ಯಂತ್ರ ಹಚ್ಚಿ ಅಳೆಯಬಹುದು, ಮಿತಿ ಹಾಕಬಹುದು, ಮೀರಿದರೆ ನೋಟಿಸ್ ಕೊಡಬಹುದು. ರಾಶಿಗೆ, ರಸ್ತೆಗೆ, ಅಂಗಳಕ್ಕೆ ಕೊಳವೆ ಇಲ್ಲ. ಯಂತ್ರವನ್ನು ಎಲ್ಲಿಗೆ ಹಚ್ಚುವುದು?

ಈ ತೊಡಕು ಮೊದಲು ಎದುರಾದದ್ದು ಜಲ್ಲಿ ಕ್ರಷರ್‌ಗಳಲ್ಲಿ. ಅವುಗಳಿಗೂ ಚಿಮಣಿ ಇಲ್ಲ. ಆದರೆ ಸುತ್ತಲಿನ ಅರ್ಧ ಮೈಲಿ ಬೆಳ್ಳಗಾಗಿರುತ್ತದೆ. ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಕ್ರಷರ್‌ನಿಂದ 40 ಮೀಟರ್ ದೂರ ನಿಂತು ಅಳೆಯಿರಿ. ಅಲ್ಲಿಯ ಗಾಳಿಗೆ ಅದು ಸೇರಿಸಿದ ದೂಳು ಒಂದು ಘನ ಮೀಟರಿಗೆ 600 ಮೈಕ್ರೊಗ್ರಾಂಗಿಂತ ಕಡಿಮೆ ಇರಬೇಕು ಎಂದರು. ಜೊತೆಗೆ ಮಾಡಬೇಕಾದ ಕೆಲಸಗಳನ್ನೂ ಬರೆದರು. ದೂಳು ಹುಟ್ಟುವ ಜಾಗವನ್ನು ಮುಚ್ಚಿ ನೀರು ಸಿಂಪಡಿಸುವುದು, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ನೆಲವನ್ನು ಆಗಾಗ ಗುಡಿಸಿ ಒದ್ದೆ ಮಾಡುವುದು, ಸುತ್ತ ಮರಗಳ ಸಾಲು. ಮತ್ತೆ ಅದೇ ಕಣ! ಕರ್ನಾಟಕ ಹೈಕೋರ್ಟ್ 1998ರಲ್ಲಿ ಕ್ರಷರ್‌ಗಳನ್ನು ಸುರಕ್ಷಿತ ವಲಯಗಳಿಗೆ ಸಾಗಿಸುವ ಬಗ್ಗೆ ಆದೇಶ ನೀಡಿತು. ಆ ವಲಯಗಳಿಗೆ ಕಾಯ್ದೆಯ ರೂಪ ಸಿಕ್ಕಿದ್ದು ರಾಜ್ಯದ 2011ರ ಕಲ್ಲು ಪುಡಿ ಘಟಕಗಳ ನಿಯಂತ್ರಣ ಕಾಯ್ದೆಯಲ್ಲಿ. ಆದೇಶಕ್ಕೂ ಕಾಯ್ದೆಗೂ ನಡುವೆ ಹದಿಮೂರು ವರ್ಷ.

ಸಾಗಣೆಯ ದೂಳು ಎಂಥದ್ದು ಎಂಬುದನ್ನು ಇಡೀ ರಾಜ್ಯಕ್ಕೆ ತೋರಿಸಿದ್ದು ಪಕ್ಕದ ಬಳ್ಳಾರಿ. 2003ರ ಹೊತ್ತಿಗೆ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರತೊಡಗಿತು. ಹಿಂದೆ ಕಸವೆಂದು ಬಿಟ್ಟಿದ್ದ ಪುಡಿ ಅದಿರಿಗೂ ಬೆಲೆ ಬಂತು. ಗಟ್ಟಿ ಅದಿರಿಗಿಂತ ಪುಡಿ ಅದಿರು ದೂಳಿನ ದೃಷ್ಟಿಯಿಂದ ಬಹಳ ಕೆಟ್ಟದ್ದು. ಸಂಡೂರು, ಹೊಸಪೇಟೆಗಳಿಂದ ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣದ ಬಂದರುಗಳವರೆಗೆ ಲಾರಿಗಳು ಸಾಲುಗಟ್ಟಿದವು. ರಸ್ತೆ ಬದಿಯ ಮರ, ಮನೆ, ಹತ್ತಿ, ಮೆಣಸಿನಕಾಯಿ ಎಲ್ಲಕ್ಕೂ ಒಂದೇ ಬಣ್ಣ ಬಂತು. ಮೇಲೆ ತಾಡಪತ್ರಿ ಹೊದಿಸಬೇಕೆಂಬ ನಿಯಮ ಆಗಲೂ ಇತ್ತು. ಆದರೆ ಮಿತಿಗಿಂತ ಹೆಚ್ಚು ತುಂಬಿದ ಲಾರಿಗೆ ಹೊದಿಸಿದ ತಾಡಪತ್ರಿ ಬೋಳುತಲೆಗೆ ಕಟ್ಟಿದ ಕರವಸ್ತ್ರದಂತೆ. ಗಾಲಿಯಡಿಯ ದೂಳಿಗೆ ಅದು ಏನನ್ನೂ ಮಾಡಲಾರದು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು 2008ರ ಡಿಸೆಂಬರ್‌ನಲ್ಲಿ ಮತ್ತು 2011ರ ಜುಲೈನಲ್ಲಿ ಬಂದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಬಳ್ಳಾರಿಯ ದೂಳು ಇಳಿದದ್ದು ನೀರು ಸಿಂಪಡಿಸಿದ್ದರಿಂದಲ್ಲ, ಲಾರಿಗಳು ನಿಂತದ್ದರಿಂದ. ಅದರ ಬೆಲೆ ತೆತ್ತವರಲ್ಲಿ ಸಾಲ ಮಾಡಿ ಲಾರಿ ಕೊಂಡವರು, ಚಾಲಕರು, ಹಮಾಲರು, ರಸ್ತೆ ಬದಿಯ ಖಾನಾವಳಿಯವರು ಇದ್ದರು. ಸಣ್ಣ ನಿಯಮಗಳನ್ನು ಕಾಲಕ್ಕೆ ಸರಿಯಾಗಿ ಜಾರಿ ಮಾಡದಿದ್ದರೆ ದೊಡ್ಡ ನಿಷೇಧ ಬರುತ್ತದೆ, ಆಗ ತಪ್ಪು ಮಾಡದವನ ಹೊಟ್ಟೆಯ ಮೇಲೂ ಬರುತ್ತದೆ. 2013ರ ಏಪ್ರಿಲ್‌ನಲ್ಲಿ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಾಗ ಪುನಶ್ಚೇತನ ಯೋಜನೆಯ ಷರತ್ತುಗಳು ಜೊತೆಯಾದವು. ಮುಂದೆ ತೋರಣಗಲ್ಲಿನ ಉಕ್ಕು ಕಾರ್ಖಾನೆಗೆ ಕೊಳವೆಯಂತೆ ಮುಚ್ಚಿದ ಕನ್ವೇಯರ್ ಪಟ್ಟಿಯ ಮೇಲೆ ಅದಿರು ಸಾಗುವ ವ್ಯವಸ್ಥೆ ಬಂತು. ಹಳೆಯ ಲಾರಿ ಸಾಲುಗಳನ್ನು ಕಂಡವರಿಗೆ ಅದರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ರಾಯಚೂರಿನ ಪಾಲಿನ ದೂಳು ಕೆಂಪಲ್ಲ, ಬೂದು. ಕೃಷ್ಣೆಯ ದಡದಲ್ಲಿ, ದೇವಸೂಗೂರಿನ ಬಳಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1,720 ಮೆಗಾವಾಟ್‌ಗೆ ಏರಿತು. ಆಮೇಲೆ ಯರಮರಸ್‌ನಲ್ಲಿ ತಲಾ 800 ಮೆಗಾವಾಟ್‌ನ ಎರಡು ಘಟಕಗಳು ಬಂದವು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಭಾಗ ಬೂದಿ. ಅಂದರೆ ರಾಜ್ಯದ ಯಾವುದೋ ಮೂಲೆಯಲ್ಲಿ ಉರಿದ ಪ್ರತಿ ಯೂನಿಟ್ಟಿಗೆ ಕಾಲು ಕಿಲೋ ಬೂದಿ ರಾಯಚೂರಿನಲ್ಲಿ ಉಳಿಯುತ್ತದೆ. ದೀಪ ಅಲ್ಲಿ, ಬೂದಿ ಇಲ್ಲಿ.

ಬೂದಿಯ ರಾಶಿಯೂ ಈ ನೆಲಕ್ಕೆ ಹೊಸದಲ್ಲ ಎಂಬುದು ಚರಿತ್ರೆಯ ಒಂದು ವಿನೋದ. ರಾಯಚೂರು, ಬಳ್ಳಾರಿ ಪ್ರದೇಶದ ಬೂದಿದಿಬ್ಬಗಳು ಪ್ರಸಿದ್ಧ. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಉಂಟಾದ ದಿಬ್ಬಗಳು ಅವು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಈ ಸಂಸ್ಕೃತಿಯ ಬಗ್ಗೆ ವಿಸ್ತಾರವಾಗಿ ಬರೆದರು. ಬಳ್ಳಾರಿ ರಸ್ತೆಯ ಕುಡತಿನಿಯಲ್ಲಂತೂ ಅಂಥದೊಂದು ದಿಬ್ಬವೂ ಇದೆ, ಅದೇ ಊರಿನ ಬಳಿ ಇಂದಿನ ಶಾಖೋತ್ಪನ್ನ ಕೇಂದ್ರವೂ ಇದೆ. ಹಳೆಯ ದಿಬ್ಬ ನಾಲ್ಕು ಸಾವಿರ ವರ್ಷ ಗಾಳಿಗೆ ಹಾರದೆ ಉಳಿಯಿತು. ಅದರಲ್ಲಿ ಬೆಂಕಿಯ ತಾಪಕ್ಕೆ ಕರಗಿ ಕಲ್ಲಿನಂತಾದ ಪದರಗಳಿವೆ. ಶಾಖೋತ್ಪನ್ನ ಕೇಂದ್ರದ ಹಾರುಬೂದಿ ಹಾಗಲ್ಲ. ಅದು ಗಾಜಿನ ಸೂಕ್ಷ್ಮ ಗುಂಡುಗಳ ಪುಡಿ. ನೀರಿನೊಂದಿಗೆ ಕಲಸಿ ಹೊಂಡಕ್ಕೆ ಬಿಟ್ಟಾಗ ಸುಮ್ಮನಿರುತ್ತದೆ. ಬೇಸಿಗೆಯಲ್ಲಿ ಹೊಂಡದ ಅಂಚು ಒಣಗಿದಾಗ, ಆ ಒಣಗಿದ ಮೇಲ್ಪದರವನ್ನು ಲಾರಿಯ ಗಾಲಿ ಒಡೆದಾಗ, ಏಳುತ್ತದೆ.

ಹಾರುಬೂದಿಯನ್ನು ಬಳಸಲೇಬೇಕೆಂಬ ಮೊದಲ ಕೇಂದ್ರ ಅಧಿಸೂಚನೆ 1999ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಹಲವು ತಿದ್ದುಪಡಿಗಳಾದ ಮೇಲೆ 2021ರ ಡಿಸೆಂಬರ್ 31ರ ಅಧಿಸೂಚನೆ ಬಳಕೆಯಾಗದೆ ಉಳಿದ ಬೂದಿಗೆ ಟನ್ನಿಗೆ 1,000 ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಸಿಮೆಂಟಿಗೆ, ಇಟ್ಟಿಗೆಗೆ ಬೂದಿ ಒಳ್ಳೆಯ ಪದಾರ್ಥವೇ. ಆದರೆ ಬಳಕೆ ಹೆಚ್ಚಿದಷ್ಟೂ ಸಾಗಣೆ ಹೆಚ್ಚುತ್ತದೆ. ಮುಚ್ಚಿದ ಟ್ಯಾಂಕರಿನಲ್ಲಿ ಒಣ ಬೂದಿ ಹೋದರೆ ತೊಂದರೆಯಿಲ್ಲ. ತೆರೆದ ಟಿಪ್ಪರ್‌ನಲ್ಲಿ ಹೊಂಡದ ಬೂದಿ ಹೋದರೆ ಹೊಂಡವೇ ರಸ್ತೆಯುದ್ದಕ್ಕೂ ಹೊರಟಂತೆ.

ಅಕ್ಕಿ ಗಿರಣಿಯ ಬೂದಿ ಇದರ ತಮ್ಮ. ಭತ್ತದ ತೂಕದ ಐದನೇ ಒಂದು ಭಾಗ ಹೊಟ್ಟು. ಹೊಟ್ಟು ಉರಿದರೆ ಅದರ ಐದನೇ ಒಂದು ಭಾಗ ಬೂದಿ. ಆ ಬೂದಿಯ ಬಹುಪಾಲು ಸಿಲಿಕಾ; ಉರಿಯ ತಾಪ ಹೆಚ್ಚಿದಂತೆ ಅದು ಹರಳಿನ ರೂಪ ತಾಳುತ್ತದೆ, ಅಪಾಯವೂ ಹೆಚ್ಚುತ್ತದೆ. ಬಾಯ್ಲರ್ ಹೊಗೆಗೆ ಚಿಮಣಿ ಇದೆ, ಆದ್ದರಿಂದ ಕಾಯ್ದೆಯ ಕಣ್ಣಿದೆ. ಗಿರಣಿಯ ಹಿಂದಿನ ಬಯಲಲ್ಲಿ ಸುರಿದ ಬೂದಿಗೆ ಚಿಮಣಿ ಇಲ್ಲ.

ಚಿಮಣಿ ಇಲ್ಲದ ದೂಳನ್ನು ನೇರವಾಗಿ ಹೆಸರಿಸಿದ ನಿಯಮ ಬಂದದ್ದು 2018ರ ಜನವರಿ 25ರಂದು. ಕಟ್ಟುವ, ಕೆಡವುವ ಕೆಲಸಗಳಲ್ಲಿ ದೂಳು ತಡೆಯುವ ಕ್ರಮಗಳನ್ನು ಕೇಂದ್ರ ಸರ್ಕಾರ ಅಂದು ಕಡ್ಡಾಯ ಮಾಡಿತು. ಕೆಲಸದ ಜಾಗಕ್ಕೆ ಹೋಗುವ ದಾರಿಗೆ ಡಾಂಬರು ಹಾಕಬೇಕು. ಮಣ್ಣು, ಮರಳು, ಕೆಡವಿದ ಗೋಡೆಯ ಅವಶೇಷಗಳನ್ನು ತೆರೆದಿಡುವಂತಿಲ್ಲ. ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು, ಹೆಚ್ಚೆಂದರೆ 10 ಮೀಟರ್, ಗಾಳಿತಡೆ ಕಟ್ಟಬೇಕು. ನೀರು ಸಿಂಪಡಿಸುವ ಏರ್ಪಾಡಿರಬೇಕು. ಕಲ್ಲು, ಟೈಲ್ಸ್‌ಗಳನ್ನು ಬಯಲಲ್ಲಿ ಕತ್ತರಿಸುವಂತಿಲ್ಲ. ಸಾಮಗ್ರಿಯ ವಾಹನ ಮುಚ್ಚಿರಬೇಕು. ಕೈಗೊಂಡ ಕ್ರಮಗಳನ್ನು ಜನರಿಗೆ ಕಾಣುವಂತೆ ಫಲಕದಲ್ಲಿ ಬರೆದಿಡಬೇಕು. ಓದಿದರೆ ಸಂತೋಷವಾಗುತ್ತದೆ.

ಸಂತೋಷ ಒಂದು ವಾಕ್ಯದವರೆಗೆ ಮಾತ್ರ. ಗಾಳಿಯಲ್ಲಿನ ಕಣಗಳು ರಾಷ್ಟ್ರೀಯ ಮಾನದಂಡವನ್ನು ಮೀರಿರುವ ನಗರ ಮತ್ತು ಪಟ್ಟಣಗಳಿಗೆ ಈ ಕ್ರಮಗಳು ಅನ್ವಯಿಸುತ್ತವೆ ಎಂಬುದು ಆ ವಾಕ್ಯದ ಸಾರ. 2009ರ ನವೆಂಬರ್‌ನಲ್ಲಿ ನಿಗದಿಯಾದ ಮಾನದಂಡದ ಪ್ರಕಾರ ಹತ್ತು ಮೈಕ್ರಾನ್‌ಗಿಂತ ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೊಗ್ರಾಂ ಮೀರಬಾರದು, ವರ್ಷದ ಸರಾಸರಿಯಲ್ಲಿ 60 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 45. ಮೀರಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳೆದರೆ. ಅಳೆಯುವುದು ಎಲ್ಲಿ? ಯಂತ್ರವಿದ್ದಲ್ಲಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ. ಎರಡು ಶಾಖೋತ್ಪನ್ನ ಕೇಂದ್ರಗಳ ರಾಯಚೂರು ಆ ನಾಲ್ಕರಲ್ಲಿ ಇರಲಿಲ್ಲ. ರಾಯಚೂರು ನಗರದಲ್ಲಾದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅಲ್ಲಿಂದ ನಲವತ್ತು ಕಿಲೋಮೀಟರಿನಷ್ಟು ದೂರದ ನೀರಮಾನ್ವಿಯ ಗಾಳಿಯ ಬಗ್ಗೆ ಆ ಯಂತ್ರ ಏನನ್ನೂ ಹೇಳಲಾರದು. ಅದೂ ಅಲ್ಲದೆ ನೀರಮಾನ್ವಿ ನಗರವೂ ಅಲ್ಲ, ಪಟ್ಟಣವೂ ಅಲ್ಲ. ಅಲ್ಲಿ ರಸ್ತೆ ಅಗಲ ಮಾಡಲು ಅಗೆದರೂ, ಗೋದಾಮು ಕಟ್ಟಿದರೂ, ಗರಸು ಸುರಿದರೂ 2018ರ ಅಧಿಸೂಚನೆ ಊರಾಚೆಯೇ ನಿಂತಿರುತ್ತದೆ.

ಮಾನದಂಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕುಳಿತು ಕೆಲಸ ಮಾಡುವವನು ಉಸಿರಾಡುವ ಗಾಳಿಗಿಂತ ನೂರಾರು ಚೀಲ ಹೊತ್ತು ಏರಿಳಿಸುವ ಹಮಾಲ ಉಸಿರಾಡುವ ಗಾಳಿ ಎಷ್ಟೋ ಪಟ್ಟು ಹೆಚ್ಚು. ಅವನು ನಿಂತಿರುವುದೂ ದೂಳಿನ ನಟ್ಟನಡುವೆ. ಯಂತ್ರ ಇರುವುದು ಕಚೇರಿಯ ಮಾಳಿಗೆಯ ಮೇಲೆ. ಮಾಳಿಗೆಯ ಸರಾಸರಿ ಮಿತಿಯೊಳಗಿದ್ದ ದಿನವೂ ಹಮಾಲನ ಎದೆಯೊಳಗಿನ ಲೆಕ್ಕ ಬೇರೆಯೇ ಇರುತ್ತದೆ.

ಹಾಗಾದರೆ ಹಳ್ಳಿಯವರಿಗೆ ಕಾನೂನೇ ಇಲ್ಲವೇ? ಇದೆ. ವಾಯು ಕಾಯ್ದೆಗಿಂತ ಬಹಳ ಹಳೆಯದು. ಸಾರ್ವಜನಿಕ ಉಪದ್ರವವನ್ನು ಕುರಿತ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಅದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೇ ಕಲಮಾಗಿ ಮುಂದುವರಿದಿದೆ. ಯಾವುದೇ ವ್ಯಾಪಾರ, ಕಸುಬು ಅಥವಾ ಸರಕಿನ ಸಂಗ್ರಹ ಸಮುದಾಯದ ಆರೋಗ್ಯಕ್ಕೆ ಅಥವಾ ದೈಹಿಕ ನೆಮ್ಮದಿಗೆ ಹಾನಿಕರವಾಗಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅದನ್ನು ನಿಲ್ಲಿಸಲು, ಸರಕನ್ನು ತೆಗೆಸಲು ಅಥವಾ ಅದನ್ನು ಇಡುವ ರೀತಿಯನ್ನು ನಿಯಂತ್ರಿಸಲು ಆದೇಶಿಸಬಹುದು. ಮೊದಲು ಷರತ್ತಿನ ಆದೇಶ. ಎದುರಿನವರಿಗೆ ಬಂದು ತಮ್ಮ ಮಾತು ಹೇಳುವ ಅವಕಾಶ. ಬಳಿಕ ಅಂತಿಮ ಆದೇಶ. ಇದರಲ್ಲಿ ಮೈಕ್ರಾನಿನ ಮಾತಿಲ್ಲ, ನಗರ ಪಟ್ಟಣದ ಭೇದವಿಲ್ಲ, ಚಿಮಣಿಯೂ ಇಲ್ಲ.

ಈ ಹಳೆಯ ಕಲಮು ಸವಕಲು ನಾಣ್ಯವಲ್ಲ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಬಡಾವಣೆಯೊಂದರ ನಿವಾಸಿಗಳು ತೆರೆದ ಚರಂಡಿಯ ವಿರುದ್ಧ ಇದೇ ಕಲಮಿನಡಿ ಹೋದಾಗ ಪುರಸಭೆ ತನ್ನ ಬಳಿ ಹಣವಿಲ್ಲವೆಂದಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣಯ್ಯರ್ ಇದ್ದ ಸುಪ್ರೀಂ ಕೋರ್ಟ್ ಪೀಠ 1980ರಲ್ಲಿ ಆ ನೆಪವನ್ನು ಒಪ್ಪಲಿಲ್ಲ. ಜಲ, ವಾಯು ಕಾಯ್ದೆಗಳು ಬಂದ ಮೇಲೆ ಈ ಕಲಮು ತಾನಾಗಿ ರದ್ದಾಯಿತೆಂಬ ವಾದವನ್ನೂ ಅದೇ ನ್ಯಾಯಾಲಯ 2003ರಲ್ಲಿ ತಳ್ಳಿಹಾಕಿತು. ವಾಯು ಕಾಯ್ದೆಯ ಕಾರ್ಯಕ್ಷೇತ್ರ ಬೇರೆ, ಉಪದ್ರವದ ಕಲಮಿನ ಕಾರ್ಯಕ್ಷೇತ್ರ ಬೇರೆ. ಎರಡೂ ಜೊತೆಯಲ್ಲಿ ನಡೆಯಬಹುದು.

ಆದರೂ ಉಪವಿಭಾಗಾಧಿಕಾರಿಯ ಮುಂದೆ ಬರೀ ದೂಳಿದೆ ಎಂದರೆ ಸಾಲದು. ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯಲ್ಲಿ ದೂಳಿಲ್ಲದ ಊರು ಯಾವುದು ಎಂಬ ಪ್ರಶ್ನೆ ತಪ್ಪದೇ ಬರುತ್ತದೆ. ಅದಕ್ಕೆ ಉತ್ತರವಾಗಿ ಲಕ್ಷಗಟ್ಟಲೆ ರೂಪಾಯಿಯ ಯಂತ್ರವೇ ಬೇಕೆಂದಿಲ್ಲ. ಗಾಳಿಯ ಮಾಲಿನ್ಯ ಅಳೆಯುವ ಭಾರತೀಯ ಮಾನಕ ಐಎಸ್ 5182ರ ಮೊದಲ ಭಾಗವೇ ಬೀಳುವ ದೂಳನ್ನು ಕುರಿತದ್ದು. ಅದರ ಸಲಕರಣೆ ಎಂದರೆ ಬಾಯಿ ತೆರೆದ ಒಂದು ಜಾಡಿ. ಅದರಲ್ಲಿ ನೀರು ಹಾಕಿ, ಪಾಚಿ ಕಟ್ಟದಂತೆ ಚೂರು ಮೈಲುತುತ್ತ ಬೆರೆಸಿ, ಮರದ ನೆರಳಿಲ್ಲದ ಎತ್ತರದ ಜಾಗದಲ್ಲಿ ಮೂವತ್ತು ದಿನ ಇಡುತ್ತಾರೆ. ಆಮೇಲೆ ಸೋಸಿ, ಒಣಗಿಸಿ, ತೂಗಿ, ಜಾಡಿಯ ಬಾಯಿಯ ವಿಸ್ತೀರ್ಣದಿಂದ ಭಾಗಿಸುತ್ತಾರೆ. ಒಂದು ಚದರ ಮೀಟರಿಗೆ ಒಂದು ಗ್ರಾಂ ಎಂದರೆ ಒಂದು ಚದರ ಕಿಲೋಮೀಟರಿಗೆ ಒಂದು ಟನ್. ಲೆಕ್ಕ ಅಷ್ಟು ಸುಲಭ. ಸೂಕ್ಷ್ಮ ಕಣಗಳನ್ನು ಇದು ಹಿಡಿಯುವುದಿಲ್ಲ, ರಾಷ್ಟ್ರೀಯ ಮಾನದಂಡಕ್ಕೆ ಇದು ಸಮನೂ ಅಲ್ಲ. ಆದರೆ ಯಾವ ಊರಿನ ಮೇಲೆ ಎಷ್ಟು ಬಿತ್ತು ಎಂದು ಹೇಳುತ್ತದೆ. ತೂಗಲು ಬೇಕಾದ ತಕ್ಕಡಿ ವಿಜ್ಞಾನ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಗುತ್ತದೆ. ಒಂದು ಜಾಡಿ ಲಾರಿಗಳು ಓಡುವ ರಸ್ತೆಯ ಬದಿಯ ಮಾಳಿಗೆಯ ಮೇಲೆ, ಇನ್ನೊಂದು ಅದೇ ಊರಿನ ಹೊಲಗಳಾಚೆ, ಎರಡೂ ಒಂದೇ ತಿಂಗಳು. ಮೊದಲನೆಯದರ ತೂಕದಿಂದ ಎರಡನೆಯದರ ತೂಕವನ್ನು ಕಳೆದರೆ ಉಳಿಯುವುದು ರಸ್ತೆಯ ಪಾಲು.